ಬೆಟ್ಟ ಹತ್ತುವವನ ಬೂಟು



ಹಳಗನ್ನಡದ ಪಾಠ ಹೇಳುವ ಮೇಷ್ಟ್ರಿಗೂ ಬೂಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಪಂಡಿತ ಪರೀಕ್ಷೆಗೆ ಓದಿದ ಪುಸ್ತಕಗಳಲ್ಲಿ ಪಾದುಕೆ ಬಂದಿತ್ತು, ಉಪಾನಹ ಬಂದಿತ್ತು, ಹಾವುಗೆ ಬಂದಿತ್ತು. ಕಲ್ಯಾಣದ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರೆಂಬ ಕಥೆಯೂ ಬಂದಿತ್ತು. ಮಳೆಯಲ್ಲಿ ನೆನೆದ ಬಂಡೆಯ ಮೇಲೆ ಏನನ್ನು ಮೆಟ್ಟಿ ನಿಲ್ಲಬೇಕೆಂಬುದು ಮಾತ್ರ ಯಾವ ಪುಸ್ತಕದಲ್ಲಿಯೂ ಬಂದಿರಲಿಲ್ಲ. ಅದನ್ನು ಬೆಟ್ಟವೇ ಕಲಿಸಿತು. ಗುರುದಕ್ಷಿಣೆಯನ್ನೂ ಬಿಡದೆ ವಸೂಲು ಮಾಡಿಕೊಂಡಿತು.

ಪ್ರತಿವರ್ಷ ಮಳೆಗಾಲ ಹಿಂದಾದ ಮೇಲೆ ನಮ್ಮ ಹೈಸ್ಕೂಲಿನ ಒಂಬತ್ತನೆಯ ತರಗತಿಯ ಹುಡುಗರನ್ನು ಒಂದು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಕೆಲಸ ಬಹುಕಾಲದಿಂದ ನನ್ನ ಪಾಲಿಗೆ ಬಂದಿದೆ. ಕೊಡಚಾದ್ರಿಗೆ ಹೋಗಿದ್ದೇವೆ, ಮುಳ್ಳಯ್ಯನಗಿರಿಗೆ ಹೋಗಿದ್ದೇವೆ. ಎಂಟು ವರ್ಷಗಳ ಹಿಂದಿನ ನವೆಂಬರಿನಲ್ಲಿ ಕುಮಾರಪರ್ವತವೆಂದು ಗೊತ್ತಾಯಿತು. ಅದಕ್ಕೆ ಮುಂಚಿನ ವರ್ಷ ಸವೆದ ಹವಾಯಿ ಚಪ್ಪಲಿಯಲ್ಲಿ ಬಂದಿದ್ದ ಹುಡುಗನೊಬ್ಬ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದಿದ್ದ. ಆದ್ದರಿಂದ ನಾನು ನೋಟೀಸು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: “ಬೂಟಿಲ್ಲದವರು ಬರತಕ್ಕದ್ದಲ್ಲ.” ಬರೆದು, ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಸಮಾಧಾನವನ್ನೂ ಪಟ್ಟುಕೊಂಡೆ.

ಮಾರನೆಯ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. “ಸಾರ್, ನನ್ ಹತ್ರ ಚಪ್ಪಲೀನೇ ಇರೋದು” ಎಂದ. “ಯಾರ ಹತ್ತಿರವಾದರೂ ಕೇಳಿ ತಗೊಳ್ಳಯ್ಯ” ಎಂದೆ. ಅವನು ಕೇಳಿದನೋ ಇಲ್ಲವೋ. ಹೊರಡುವ ದಿನ ಅವನು ಬರಲಿಲ್ಲ. ಈ ಹುಡುಗನ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಬೂಟಿನ ಮಾತಾಗಲಿ.

ಬೂಟನ್ನು ಕೊಳ್ಳುವಾಗ ನಮ್ಮ ಜನ ಮೊದಲು ನೋಡುವುದು ಅದು ಗಟ್ಟಿಯಾಗಿದೆಯೇ ಎಂದು. ಗಟ್ಟಿ ಎಂದರೆ ಭಾರ ಎಂದು ನಮ್ಮ ಲೆಕ್ಕ. ಕಂಚಿನ ಪಾತ್ರೆಗೆ ಈ ಲೆಕ್ಕ ಸರಿ, ಬೂಟಿಗೆ ಸರಿಯಲ್ಲ. ಬೆನ್ನಿನ ಚೀಲದ ಭಾರ ಬೆನ್ನಿನ ಮೇಲೆ ಕುಳಿತಿರುತ್ತದೆ. ಕಾಲಿನ ಭಾರವನ್ನು ಪ್ರತಿ ಹೆಜ್ಜೆಗೂ ಎತ್ತಿ ಮುಂದಕ್ಕೆ ಬೀಸಿ ಇಳಿಸಬೇಕು. ಅಮೆರಿಕದ ಸೋಲ್ ಮತ್ತು ಗೋಲ್ಡ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ತಲೆಯ ಮೇಲೆ, ಕೈಯಲ್ಲಿ, ಪಾದದಲ್ಲಿ ಭಾರ ಹೊರಿಸಿ ನಡೆಸಿ ಅಳೆದು 1969ರಲ್ಲಿ ಪ್ರಕಟಿಸಿದರು. ಒಂದು ಕಿಲೋ ಮೈತೂಕವನ್ನು ಸಾಗಿಸಲು ತಗಲುವ ಶಕ್ತಿಗಿಂತ ಒಂದು ಕಿಲೋ ಭಾರವನ್ನು ಪಾದದಲ್ಲಿ ಸಾಗಿಸಲು, ನಡಿಗೆಯ ವೇಗಕ್ಕೆ ತಕ್ಕಂತೆ, ನಾಲ್ಕರಿಂದ ಆರು ಪಟ್ಟು ಶಕ್ತಿ ಬೇಕಾಯಿತು. ತಲೆಯ ಮೇಲಾದರೆ ಹೆಚ್ಚಳ ಬಹಳ ಅಲ್ಪ. ಹುಲ್ಲಿನ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ಗುಡ್ಡ ಇಳಿಯುವ ನಮ್ಮ ಮಲೆನಾಡಿನ ಹೆಂಗಸರಿಗೆ ಈ ಶೋಧನೆಯನ್ನು ತಿಳಿಸಿದರೆ ಅವರು ನಕ್ಕಾರು.

ಕುಮಾರಪರ್ವತದ ತುದಿಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಸುಮಾರು ಹದಿಮೂರು ಕಿಲೋಮೀಟರು. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಲೆಕ್ಕ ಹಾಕಿಕೊಟ್ಟರು: ಇಪ್ಪತ್ತು ಸಾವಿರ ಹೆಜ್ಜೆ. ಹಳೆಯ ಕಾಲದ ಪೂರ್ತಿ ಚರ್ಮದ ಬೂಟಿಗಿಂತ ಈಗಿನ ಹಗುರವಾದ ಬೂಟು ಕಾಲೊಂದಕ್ಕೆ ನಾನೂರು ಗ್ರಾಮು ಕಡಿಮೆಯಿದ್ದರೆ, ಆ ಇಳಿತವೊಂದರಲ್ಲಿಯೇ ಎರಡು ಕಾಲೂ ಸೇರಿ ಎಂಟು ಟನ್ನು ಎತ್ತುವ ಶ್ರಮ ಉಳಿಯುತ್ತದೆ. ಒಂದು ಲಾರಿಯ ಹೇರು! ಜೊತೆಗೆ ಒಂದು ಕಿಲೋ ಒಳಗೇ ತೂಗುವ ಬೂಟುಗಳು ಈಗ ಬೇಕಾದಷ್ಟು ಸಿಗುತ್ತವೆ. ನಮ್ಮ ಬೆಟ್ಟಗಳಿಗೆ ಅಷ್ಟು ಸಾಕು. ಹಿಮದಲ್ಲಿ ನಡೆಯುವವನಿಗೆ, ಇಪ್ಪತ್ತು ಕಿಲೋ ಹೊರುವವನಿಗೆ ಬೇರೆಯದೇ ಬೇಕು. ಆ ಮಾತು ನನ್ನದಲ್ಲ.

ಇನ್ನು ನೀರು. ಅಂಗಡಿಯಲ್ಲಿ “ಇದು ವಾಟರ್‌ಪ್ರೂಫ್, ಸಾರ್” ಎಂದರೆ ಸಾಕು, ನಾವು ಎರಡು ಸಾವಿರ ಹೆಚ್ಚಿಗೆ ಕೊಡಲು ಸಿದ್ಧರಾಗುತ್ತೇವೆ. ಈ ಮಾತಿನೊಳಗೆ ಏನಿದೆಯೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಂಟದ ಬಾಣಲೆಗೆ ಬಳಿದಿರುತ್ತದಲ್ಲ, ಆ ಟೆಫ್ಲಾನ್ ಎಂಬ ವಸ್ತುವಿನ ಸರಳೊಂದನ್ನು 1969ರಲ್ಲಿ ರಾಬರ್ಟ್ ಗೋರ್ ಎಂಬಾತ ಕಾಯಿಸಿ, ಮೆಲ್ಲಗೆ ಎಳೆದರೆ ತುಂಡಾಗುತ್ತದೆಂದು ಬೇಸತ್ತು, ಒಮ್ಮೆಗೇ ಜಗ್ಗಿದ. ಅದು ತುಂಡಾಗದೆ ಹಿಗ್ಗಿತು. ಹಿಗ್ಗಿದ್ದರಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿದ್ದವು. ನೀರಿನ ಹನಿ ನುಗ್ಗಲಾರದಷ್ಟು ಕಿರಿದು, ಬೆವರಿನ ಆವಿ ಹೊರಹೋಗುವಷ್ಟು ಹಿರಿದು. ಇಂಥ ಪೊರೆಯೊಂದನ್ನು ಬೂಟಿನ ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಕಾಲುಚೀಲದಂತೆ ಕೂರಿಸಿರುತ್ತಾರೆ. ಈಚೆಗೆ ಫ್ಲೋರಿನ್ ಇಲ್ಲದ ಬೇರೆ ವಸ್ತುವಿನ ಪೊರೆಗಳೂ ಬಂದಿವೆ, ಕೆಲಸ ಅದೇ.

ಉಪಾಯ ಸೊಗಸಾದುದೇ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಒದ್ದೆ ಬಟ್ಟೆ ಶ್ರಾವಣದಲ್ಲಿ ಮೂರು ದಿನವಾದರೂ ಆರದು, ಚೈತ್ರದಲ್ಲಿ ಒಂದು ಗಳಿಗೆಗೆ ಆರುತ್ತದೆ, ಇದೂ ಹಾಗೆಯೇ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ಆಷಾಢದಲ್ಲಿ ನಡೆದರೆ ಬೂಟಿನ ಹೊರಮೈ ನೆನೆದು ತೊಪ್ಪೆಯಾಗುತ್ತದೆ, ಗಾಳಿಯೇ ನೀರಾಗಿರುತ್ತದೆ. ಪಾದದ ಬೆವರು ಹೋಗುವುದೆಲ್ಲಿಗೆ? ಅಲ್ಲದೆ ಎಂಥ ಪೊರೆಯಿದ್ದರೂ ಬೂಟಿಗೆ ಮೇಲೊಂದು ದೊಡ್ಡ ಬಾಯಿ ಇದ್ದೇ ಇದೆ. ಮೊಣಕಾಲುದ್ದದ ಹಳ್ಳ ದಾಟಿದಿರೋ, ನೀರು ಮೇಲಿನಿಂದ ಇಳಿಯುತ್ತದೆ. ಕೆಳಗಿನಿಂದ ಹೊರಬೀಳಲು ಪೊರೆ ಬಿಡುವುದಿಲ್ಲ. ಹೊರಗಿನ ನೀರನ್ನು ತಡೆಯಲೆಂದು ದುಡ್ಡು ಕೊಟ್ಟವನು ಒಳಗಿನ ನೀರನ್ನು ಬಿಂದಿಗೆಯಂತೆ ಹೊತ್ತು ನಡೆಯುತ್ತಾನೆ. ಸಾಯಂಕಾಲ ಬೂಟು ಕಳಚಿದಾಗ ಅಂಗಾಲು ನೆನೆಸಿಟ್ಟ ಅವಲಕ್ಕಿಯಂತೆ ಬಿಳಿಚಿ ಸುಕ್ಕುಗಟ್ಟಿರುತ್ತದೆ, ಬೊಬ್ಬೆ ಏಳುವುದು ಇಂಥ ಚರ್ಮದ ಮೇಲೆಯೇ.

ಹಾಗಾದರೆ ನೀರು ತಡೆಯುವ ಬೂಟು ನಿಷ್ಪ್ರಯೋಜಕವೇ? ಹಾಗಲ್ಲ. ಕಾರ್ತಿಕ, ಮಾರ್ಗಶಿರ ಮಾಸಗಳ ಬೆಳಗಿನಲ್ಲಿ ಮುಳ್ಳಯ್ಯನಗಿರಿಯ ಹುಲ್ಲುಗಾವಲಿನಲ್ಲಿ ನಡೆದವರಿಗೆ ಗೊತ್ತು. ಮಳೆಯಿಲ್ಲ, ಆದರೂ ಇಬ್ಬನಿ ಹಿಡಿದ ಹುಲ್ಲು ಅರ್ಧ ಗಂಟೆಯಲ್ಲಿ ಕಾಲನ್ನು ತೊಯ್ಯಿಸುತ್ತದೆ. ಅಂಥ ತಂಪಿನಲ್ಲಿ, ಅಂಥ ಮೇಲುನೀರಿಗೆ ಈ ಬೂಟು ಬಹಳ ಒಳ್ಳೆಯದು. ಚಳಿಯ ನಾಡಿಗೆ ಹೋಗುವವರಿಗಂತೂ ಬೇಕೇಬೇಕು. ಜಡಿಮಳೆಯ ಮಲೆನಾಡಿಗೆ ಮಾತ್ರ ನೀರು ಬಂದಷ್ಟೇ ಬೇಗ ಹೊರಗೆ ಹೋಗುವ, ಬೇಗ ಆರುವ, ಪೊರೆಯಿಲ್ಲದ ಹಗುರ ಬೂಟೇ ಲೇಸೆಂದು ನನ್ನ ಅಭಿಪ್ರಾಯ. ನಮ್ಮ ಕಡೆಯ ಅರಣ್ಯ ವಾಚರುಗಳು ಹಸಿರು ಕ್ಯಾನ್ವಾಸಿನ, ರಬ್ಬರು ಗುಬುಟುಗಳ ಅಟ್ಟೆಯ ಬೂಟು ಹಾಕುತ್ತಾರೆ. ಪೇಟೆಯಲ್ಲಿ ಅದಕ್ಕೆ ಹಂಟರ್ ಷೂ ಎನ್ನುತ್ತಾರೆ. ನೋಡಲು ಲಕ್ಷಣವಿಲ್ಲ; ಬೆಲೆ ದೊಡ್ಡ ಬೂಟಿನ ಬೆಲೆಯಲ್ಲಿ ಒಂದು ಸಣ್ಣ ಪಾಲು. ದಿನವೂ ಕಾಡಿನಲ್ಲಿ ನಡೆಯುವವರು ಸುಮ್ಮನೆ ಅದನ್ನು ಆರಿಸಿಕೊಂಡಿರಲಾರರು.

ಏಕೆಂದರೆ ಬೆಟ್ಟದಲ್ಲಿ ಪ್ರಾಣವನ್ನು ಕಾಯುವುದು ಅಟ್ಟೆ. ಒದ್ದೆಯಾದ ಕಾಲಿನಿಂದ ಯಾರೂ ಸಾಯುವುದಿಲ್ಲ. ಜಾರಿದ ಕಾಲಿನಿಂದ ಸಾಯುತ್ತಾರೆ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಇಟಲಿಯ ಆರೋಹಿಗಳು ತೀರಿಕೊಂಡಾಗ, ಅವರ ಕಾಲಿನಲ್ಲಿದ್ದ ಬೂಟು ತಕ್ಕದ್ದಾಗಿರಲಿಲ್ಲವೆಂಬುದು ಅವರ ಗೆಳೆಯ ವಿಟಾಲೆ ಬ್ರಾಮಾನಿಯ ಮನಸ್ಸನ್ನು ಕೊರೆಯಿತು. ಆಗಿನ ಬೂಟುಗಳಿಗೆ ಕಬ್ಬಿಣದ ಮೊಳೆ ಹೊಡೆದ ಚರ್ಮದ ಅಟ್ಟೆ. ಎರಡು ವರ್ಷದೊಳಗಾಗಿ ಆತ ಆಳವಾದ ಹಲ್ಲುಗಳ ರಬ್ಬರಿನ ಅಟ್ಟೆಯನ್ನು ಮಾಡಿಸಿದ. ಇಂದು ನಾವು ಕೊಳ್ಳುವ ಬೂಟನ್ನು ಮಗುಚಿ ನೋಡಿದರೆ ಕಾಣುವ ಹಲ್ಲುಗಳು ಆ ಅಟ್ಟೆಯ ಸಂತತಿಯೇ. ಹಲ್ಲು ಆಳವಾಗಿದ್ದು ಒಂದಕ್ಕೊಂದು ದೂರವಿದ್ದರೆ ಕೆಸರು ಕಚ್ಚಿಕೊಳ್ಳದೆ ಉದುರುತ್ತದೆ. ರಬ್ಬರು ತೀರ ಗಡುಸಾಗಿದ್ದರೆ ಬಹಳ ಕಾಲ ಬಾಳುತ್ತದೆ, ಒದ್ದೆ ಬಂಡೆಯ ಮೇಲೆ ಮಾತ್ರ ಜಾರುತ್ತದೆ. ಉಗುರಿನಿಂದ ಒತ್ತಿ ನೋಡಿ, ಸ್ವಲ್ಪ ತಗ್ಗಬೇಕು. ಇಷ್ಟಾದರೂ ಹಾವಸೆ ಹಿಡಿದ ಕಲ್ಲಿನ ಮೇಲೆ ಯಾವ ಅಟ್ಟೆಯನ್ನೂ ನಂಬಬೇಡಿ.

ಅಂಗಡಿಗೆ ಸಂಜೆ ಹೋಗಿ; ದಿನವಿಡೀ ಓಡಾಡಿದ ಪಾದ ಬೆಳಗಿಗಿಂತ ಸ್ವಲ್ಪ ಊದಿರುತ್ತದೆ. ಬೆಟ್ಟದಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಅದು ಹತ್ತಿಯದಾಗದಿದ್ದರೆ ಒಳ್ಳೆಯದು. ಹತ್ತಿ ಬೆವರನ್ನು ಹೀರಿ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ, ಉಣ್ಣೆ ಅಥವಾ ನೈಲಾನು ಬೆರೆತದ್ದು ವಾಸಿ. ಲೇಸು ಬಿಗಿಯದೆ ಪಾದವನ್ನು ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಲೇಸು ಬಿಗಿದ ಮೇಲೆ ಹಿಮ್ಮಡಿ ಏಳಬಾರದು. ಆಮೇಲೆ ಅಂಗಡಿಯ ಮೆಟ್ಟಿಲುಗಳನ್ನು ಇಳಿದು ನೋಡಿ. ಹತ್ತುವುದು ಮುಖ್ಯವಲ್ಲ, ಇಳಿಯುವಾಗ ಹೆಬ್ಬೆರಳು ಮುಂಭಾಗಕ್ಕೆ ತಾಗಿದರೆ ಆ ಬೂಟನ್ನು ಅಲ್ಲಿಯೇ ಬಿಟ್ಟು ಬನ್ನಿ. ಕುಕ್ಕೆಯ ಕಡೆಗೆ ಸಾವಿರದ ಆರುನೂರು ಮೀಟರಿನಷ್ಟು ಇಳಿಯುವಷ್ಟರಲ್ಲಿ ಆ ಉಗುರು ಕಪ್ಪಾಗಿ, ತಿಂಗಳಲ್ಲಿ ಉದುರುತ್ತದೆ. ಬರಿಗಾಲಿನಲ್ಲಿ ಬೆಳೆದ ನಮ್ಮಂಥವರ ಪಾದ ಬೆರಳುಗಳ ಕಡೆ ಅಗಲ. ಎಷ್ಟೋ ಬೂಟುಗಳ ಅಚ್ಚು ಅಲ್ಲಿ ಕಿರಿದು. “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ, ಸಾರ್” ಎನ್ನುತ್ತಾನೆ ಅಂಗಡಿಯವನು. ಚರ್ಮ ಒಂದಿಷ್ಟು ಆದೀತು. ಪೊರೆಯ ಬೂಟು ಅಷ್ಟಾಗಿ ಆಗುವುದಿಲ್ಲ.

ಕೊಂಡ ಬೂಟನ್ನು ನೇರವಾಗಿ ಬೆಟ್ಟಕ್ಕೆ ಕೊಂಡೊಯ್ಯಬೇಡಿ. ನಾನು ಎರಡು ವಾರ ಶಾಲೆಗೆ ಹಾಕಿಕೊಂಡು ಹೋದೆ. ಪಂಚೆಯ ಕೆಳಗೆ ಬೂಟು! ಹುಡುಗರು ಪುಸ್ತಕದ ಮರೆಯಲ್ಲಿ ನಕ್ಕರು. ನಗಲಿ, ಬೊಬ್ಬೆಗಿಂತ ನಗು ಮೇಲು. ಬೆಟ್ಟದಿಂದ ಒದ್ದೆಯಾಗಿ ತಂದ ಬೂಟನ್ನು ಒಲೆಯ ಪಕ್ಕದಲ್ಲಿಡಬಾರದು, ಅಂಟು ಬಿಡುತ್ತದೆ. ಒಳ ಅಟ್ಟೆಯನ್ನು ಹೊರಗೆ ತೆಗೆದು, ಹಳೆಯ ದಿನಪತ್ರಿಕೆಯನ್ನು ತುರುಕಿ, ನೆರಳಿನಲ್ಲಿ ಗಾಳಿಗಿಡಬೇಕು. ಪತ್ರಿಕೆಯನ್ನು ಒಂದೆರಡು ಸಲ ಬದಲಾಯಿಸಬೇಕು.

ಉಂಬಳದ ಮಾತನ್ನು ಬಿಟ್ಟರೆ ಮಲೆನಾಡಿನವರು ಒಪ್ಪಲಾರರು. ಲೇಸಿನ ಕಣ್ಣುಗಳಲ್ಲಿಯೂ ನುಸುಳುವ ಜೀವ ಅದು. ಎತ್ತರದ ಬೂಟಾದರೂ ತಡೆಯದು. ಒತ್ತಾಗಿ ನೇಯ್ದ ಬಟ್ಟೆಯ ಚೀಲವನ್ನು ಮೊಣಕಾಲಿನವರೆಗೆ ಎಳೆದು ಕಟ್ಟಿ, ಅದರ ಮೇಲೆ ಬೂಟು ಹಾಕುವುದೇ ಸರಿಯಾದ ಉಪಾಯ. ಸುಣ್ಣ, ಹೊಗೆಸೊಪ್ಪು, ಉಪ್ಪು ಎಲ್ಲವೂ ನಡೆಯುತ್ತವೆ, ಮುಂದಿನ ಹಳ್ಳದಲ್ಲಿ ತೊಳೆದುಹೋಗುವವರೆಗೆ.

ಈಗ ನನ್ನ ಬೂಟಿನ ಕಥೆ. ಅದನ್ನು ನನ್ನ ಭಾವಮೈದುನ ಕೊಟ್ಟಿದ್ದ. ಬೆಲೆಬಾಳುವ ಬೂಟು, ನೀರು ತಡೆಯುವಂಥದು. ನಾನು ಅದನ್ನು ವರ್ಷಕ್ಕೊಮ್ಮೆ ಬೆಟ್ಟಕ್ಕೆ ಮಾತ್ರ ಹಾಕಿ, ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಟ್ರಂಕಿನಲ್ಲಿಡುತ್ತಿದ್ದೆ. ಏಳು ವರ್ಷವಾದರೂ ಹೊಸದರಂತೆ ಹೊಳೆಯುತ್ತಿತ್ತು. ಬೂಟಿಲ್ಲದವರು ಬರತಕ್ಕದ್ದಲ್ಲವೆಂದು ಬರೆದವನ ಬೂಟು ಹಾಗಿರಬೇಡವೆ?

ನಸುಕಿನಲ್ಲಿ ಸೋಮವಾರಪೇಟೆಯ ಕಡೆಯ ಬೀದಹಳ್ಳಿಯಿಂದ ಹತ್ತಿದೆವು. ಬಸ್ಸು ಸುತ್ತಿಕೊಂಡು ಕುಕ್ಕೆಗೆ ಹೋಗಿ ಕಾಯಬೇಕೆಂದು ಏರ್ಪಾಡು. 1712 ಮೀಟರಿನ ತುದಿ ಮುಟ್ಟಿ, ಶೇಷಪರ್ವತ, ಕಲ್ಲುಮಂಟಪಗಳನ್ನು ದಾಟಿ, ಬೋಳುಗುಡ್ಡದ ಬಿಸಿಲಿನಲ್ಲಿ ಇಳಿದು, ಗಿರಿಗದ್ದೆಯನ್ನು ಬಿಟ್ಟಾಗ ನಾಲ್ಕು ಗಂಟೆ. ಅಲ್ಲಿಂದ ಕೆಳಕ್ಕೆ ದಟ್ಟವಾದ ಕಾಡು. ದಾರಿಯುದ್ದಕ್ಕೂ ಬೇರು, ಕಲ್ಲು. ಕಾಡು ಹೊಕ್ಕ ಸ್ವಲ್ಪ ಹೊತ್ತಿಗೆ ಎಡಗಾಲಿನಲ್ಲಿ ಏನೋ ಪಟಪಟ ಬಡಿದಂತಾಯಿತು. ನೋಡಿದರೆ ಅಟ್ಟೆ ಹಿಮ್ಮಡಿಯಿಂದ ಬಿಟ್ಟು ನಾಲಗೆಯಂತೆ ಜೋತಾಡುತ್ತಿದೆ. ಟವೆಲು ಹರಿದು ಕಟ್ಟಿದೆ. ಇನ್ನೂರು ಹೆಜ್ಜೆಗೆ ಟವೆಲು ಸವೆಯಿತು, ಅಟ್ಟೆ ಪೂರ್ತಿಯಾಗಿ ಕೈಗೆ ಬಂತು. ನಡುವಿನ ಪದರ ಹಳಸಿದ ರೊಟ್ಟಿಯಂತೆ ಪುಡಿಪುಡಿ. ಸ್ವಲ್ಪ ಹೊತ್ತಿನಲ್ಲಿಯೇ ಬಲಗಾಲಿನದೂ ಅದೇ ಗತಿ. ಅಟ್ಟೆ ಹೋದ ಬೂಟಿನ ತಳ ನುಣುಪಾದ ಹಲಗೆ. ಬೇರಿನ ಮೇಲಿಟ್ಟರೆ ಸಾಬೂನಿನ ಮೇಲಿಟ್ಟಂತೆ.

ಆಗ ಒಬ್ಬ ಹುಡುಗ ಚೀಲ ಬಿಚ್ಚಿ, “ಸಾರ್, ಬಸ್ಸಲ್ಲಿ ಹಾಕ್ಕೊಳ್ಳೋಕೆ ತಂದಿದ್ದೆ” ಎಂದು ಒಂದು ಜೊತೆ ಹವಾಯಿ ಚಪ್ಪಲಿಯನ್ನು ನನ್ನ ಮುಂದಿಟ್ಟ.

ಅದನ್ನೇ ಹಾಕಿಕೊಂಡು ಇಳಿದೆ. ಕೂತು, ಜಾರಿ, ಹುಡುಗರ ಭುಜ ಹಿಡಿದು ಇಳಿದೆ. ಆರು ಗಂಟೆಗೆಲ್ಲ ಕಾಡಿನೊಳಗೆ ಕತ್ತಲಾಯಿತು. ಇಪ್ಪತ್ತೆರಡು ಮಕ್ಕಳಿಗೆ ಮೂರು ಟಾರ್ಚು. ಆನೆ ತಿರುಗುವ ಕಾಡು ಬೇರೆ. ನನ್ನ ನಿಧಾನಕ್ಕೆ ಎಲ್ಲರೂ ನಿಧಾನವಾಗಬೇಕಾಯಿತು. ಆ ಕತ್ತಲೆಯಲ್ಲಿ ಒಬ್ಬ ಬೇರಿಗೆ ಎಡವಿ ಬಿದ್ದು ಮುಂಗೈ ಮುರಿದುಕೊಂಡ. ಕುಕ್ಕೆಯನ್ನು ತಲುಪಿದಾಗ ರಾತ್ರಿ ಎಂಟೂವರೆ. ಆ ಹುಡುಗನ ತಾಯಿಗೆ ಫೋನು ಮಾಡುವಾಗ ನನ್ನ ಧ್ವನಿ ಹೇಗಿತ್ತೋ ಕಾಣೆ. ಆಕೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಆದದ್ದೇನೆಂಬುದನ್ನು ವಿಜ್ಞಾನದ ಮೇಷ್ಟ್ರು ವಿವರಿಸಿದರು. ಬೂಟಿನ ಕೆಳಗಿನ ರಬ್ಬರಿಗೂ ಮೇಲ್ಭಾಗಕ್ಕೂ ನಡುವೆ ನೊರೆಯಂಥ ಒಂದು ಮೆತ್ತನೆಯ ಪದರವಿರುತ್ತದೆ. ಎಷ್ಟೋ ಬೂಟುಗಳಲ್ಲಿ ಅದು ಪಾಲಿಯುರಿಥೇನ್. ಗಾಳಿಯ ತೇವ ಅದರ ಅಣುಗಳ ಕೊಂಡಿಯನ್ನು ವರ್ಷಗಟ್ಟಲೆ ಒಂದೊಂದಾಗಿ ಕಡಿಯುತ್ತ ಹೋಗುತ್ತದೆ. ಹಾಕಿಕೊಂಡರೂ ಕಡಿಯುತ್ತದೆ, ಹಾಕಿಕೊಳ್ಳದಿದ್ದರೂ ಕಡಿಯುತ್ತದೆ; ಸೆಕೆ ಮತ್ತು ತೇವ ಎರಡೂ ಇರುವ ಕಡೆ ಕಟ್ಟಿಟ್ಟರೆ ಇನ್ನೂ ಬೇಗ. ಜೋಪಾನವೆಂದುಕೊಂಡು ನಾನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದೇ ಅದಕ್ಕೆ ಮುಳುವಾಯಿತು. ಆದ್ದರಿಂದ, ನಾಲ್ಕೈದು ವರ್ಷ ದಾಟಿದ ಬೂಟು ಎಷ್ಟೇ ಹೊಳೆಯುತ್ತಿರಲಿ, ಹೊರಡುವ ವಾರಕ್ಕೆ ಮೊದಲೇ ತೆಗೆದು, ಆ ನಡುಪದರವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಬೂಟನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ. ಬಿರುಕು ಕಂಡರೆ, ಪುಡಿ ಉದುರಿದರೆ, ಅದು ಬೆಟ್ಟಕ್ಕಲ್ಲ. ಹಾಕಿಕೊಂಡು ಊರಿನಲ್ಲಿ ಒಂದು ದಿನ ನಡೆದು ನೋಡಿ. ಚೀಲದಲ್ಲಿ ಎರಡು ಮಾರು ಗಟ್ಟಿ ಹುರಿ ಇರಲಿ.

ಸೋಮವಾರ ತರಗತಿಗೆ ಹೋದೆ. ಹಿಂದಿನ ಬೆಂಚಿನ ಆ ಹುಡುಗ, “ಬೆಟ್ಟ ಹೇಗಿತ್ತು, ಸಾರ್?” ಎಂದ. ಕುಹಕವೇನೂ ಇರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ. ಚೆನ್ನಾಗಿತ್ತು ಎಂದೆ. ಅಟ್ಟೆಯ ವಿಷಯವನ್ನು ನಾನು ಹೇಳಲಿಲ್ಲ. ಉಳಿದವರು ಆಗಲೇ ಹೇಳಿದ್ದರು.

ನನ್ನ ನಿಯಮ ತಪ್ಪೆಂದು ಈಗಲೂ ನಾನು ಹೇಳಲಾರೆ. ಹವಾಯಿ ಚಪ್ಪಲಿಯಲ್ಲಿ ಆ ಬೆಟ್ಟವನ್ನು ಇಳಿದು ನೋಡಿದವನು ನಾನೇ. ಇನ್ನೊಬ್ಬರ ಮಕ್ಕಳನ್ನು ಹಾಗೆ ಕರೆದೊಯ್ಯಲಾಗದು. ಆದರೆ ನಿಯಮ ಬರೆಯುವುದಕ್ಕೆ ಒಂದು ಸೀಮೆಸುಣ್ಣ ಸಾಕಾಗಿತ್ತು. ಆ ಹುಡುಗನಿಗೆ ಒಂದು ಜೊತೆ ಹಂಟರ್ ಷೂ ಒದಗಿಸುವುದಕ್ಕೆ ಬೇಕಾಗಿದ್ದದ್ದು ಕೆಲವು ನೂರು ರೂಪಾಯಿ, ಒಂದು ಸಂಜೆ. ಆ ವರ್ಷ ಅವರ ತಂದೆಗೆ ವರ್ಗವಾಗಿ ಅವನು ಊರು ಬಿಟ್ಟ. ಮುಂದಿನ ಬೆಟ್ಟಕ್ಕೆ ಅವನನ್ನು ಕರೆಯುವ ಅವಕಾಶ ನನಗೆ ಸಿಗಲಿಲ್ಲ.

ಈಗ ಸ್ಟಾಫ್ ರೂಮಿನಲ್ಲಿ, ಹಳೆಯ ಉತ್ತರಪತ್ರಿಕೆಗಳಿದ್ದ ಕಪಾಟನ್ನು ಖಾಲಿ ಮಾಡಿ ಬೂಟುಗಳನ್ನಿಟ್ಟಿದ್ದೇವೆ. ಕೆಲವನ್ನು ಹಳೆಯ ವಿದ್ಯಾರ್ಥಿಗಳು ಕೊಟ್ಟರು, ಕೆಲವನ್ನು ಮೇಷ್ಟ್ರುಗಳೆಲ್ಲ ಸೇರಿ ಕೊಂಡೆವು. ಕಪಾಟಿಗೆ ಬಾಗಿಲಿಲ್ಲ, ಗಾಳಿಯಾಡಲೆಂದು ನಾನೇ ತೆಗೆಸಿದೆ. ಪ್ರತಿಯೊಂದರ ಒಳಗೂ ಅದು ಬಂದ ವರ್ಷವನ್ನು ಬರೆದಿದ್ದೇವೆ. ಕುಮಾರಪರ್ವತಕ್ಕೆ ಈಗ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಬೇಕು. ಅನುಮತಿಗೆ ಹೆಸರು ಬರೆಯುವ ದಿನವೇ ಮಕ್ಕಳ ಪಾದದ ಅಳತೆಯನ್ನೂ ಬರೆದುಕೊಳ್ಳುತ್ತೇವೆ. ಸದ್ಯಕ್ಕೆ ಹನ್ನೊಂದು ಜೊತೆ ಇವೆ. ಏಳನೆಯ ನಂಬರಿನವು ಸಾಕಷ್ಟಿವೆ. ಒಂಬತ್ತನೆಯ ನಂಬರಿನವು ಇನ್ನೂ ಎರಡು ಜೊತೆ ಬೇಕು.